ಫುಟ್‌ಬಾಲ್ ಆಡುವ ಹುಡುಗರ ತೊಡೆಯ ಸ್ನಾಯು ಮತ್ತೆ ಮತ್ತೆ ಯಾಕೆ ಹರಿಯುತ್ತದೆ?



ಸೋಮವಾರ ಮುಂಜಾನೆ ಎಲುಬು ಮತ್ತು ಕೀಲು ವಿಭಾಗದ ಹೊರರೋಗಿಗಳ ಸಾಲಿನಲ್ಲಿ ವಯಸ್ಸಾದವರ ನಡುವೆ ಇಬ್ಬರು ಮೂವರು ತರುಣರು ಕುಂಟುತ್ತಾ ನಿಂತಿರುತ್ತಾರೆ. ಇವರು ಭಾನುವಾರ ಆಡಿದವರು. ಸ್ವಲ್ಪ ದಿನಗಳ ಹಿಂದೆ ಹೀಗೆಯೇ ಬಂದ ಒಬ್ಬ ಹುಡುಗನಿಗೆ ಇಪ್ಪತ್ತಮೂರು ವರ್ಷ. ಬಟ್ಟೆ ಅಂಗಡಿಯಲ್ಲಿ ಕೆಲಸ. ಅಣ್ಣನ ಹೆಗಲ ಮೇಲೆ ಕೈ ಹಾಕಿಕೊಂಡು ಬಂದಿದ್ದ. "ಏನೂ ಇಲ್ರೀ ಸಿಸ್ಟರ್, ತೊಡಿ ಹಿಂದ ನರ ಹಿಡದೈತಿ. ಒಂದ್ ಇಂಜೆಕ್ಷನ್ ಕೊಡಸ್ರಿ, ಮುಂದಿನ ಐತವಾರ ಫೈನಲ್ ಐತಿ" ಎಂದ. ಇದಕ್ಕಿಂತ ಮೊದಲು ಎಂದಾದರೂ ಹೀಗಾಗಿತ್ತೇ ಎಂದು ಕೇಳಿದೆ. ಅವನು ಸುಮ್ಮನಾದ. ಅಣ್ಣ ಹೇಳಿದ: "ಮೂರ ವಾರದ ಹಿಂದ ಇದ ಕಾಲಿಗೆ ಆಗಿತ್ರಿ. ನಾಕ ದಿನ ಎಣ್ಣಿ ಹಚ್ಚಿ ತಿಕ್ಕಿಸಿದ್ವಿ. ಆರಾಮ ಆತು ಅಂತ ಮತ್ತ ಹ್ವಾದ."

ಈ ಎರಡು ಮಾತುಗಳಲ್ಲೇ ಅವನ ಕಾಯಿಲೆಯ ಕಾರಣ ಇತ್ತು. ಮೊದಲು ಆದ ಗಾಯ ಪೂರ್ತಿ ಮಾಯುವ ಮುನ್ನವೇ ಮೈದಾನಕ್ಕೆ ಇಳಿಯುವುದು ಸ್ನಾಯು ಹರಿಯಲು ಎಲ್ಲಕ್ಕಿಂತ ದೊಡ್ಡ ಕಾರಣ. ಉಳಿದ ಕಾರಣಗಳೂ ಇವೆ, ಅವನ್ನೂ ಹೇಳುತ್ತೇನೆ. ಆದರೆ ಈ ಪುಟದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹರಿಯುವುದು ಏನು?

ನಮ್ಮಲ್ಲಿ ಎಲ್ಲದಕ್ಕೂ "ನರ ಹಿಡಿದಿದೆ", "ಚಳಕು ಬಂದಿದೆ" ಎನ್ನುತ್ತೇವೆ. ಫುಟ್‌ಬಾಲ್ ಆಟಗಾರರಲ್ಲಿ ಸಾಮಾನ್ಯವಾಗಿ ಪೆಟ್ಟಾಗುವುದು ನರಕ್ಕಲ್ಲ, ಸ್ನಾಯುವಿಗೆ, ಅಂದರೆ ಮಾಂಸಖಂಡಕ್ಕೆ. ಸ್ನಾಯು ಎಂದರೆ ಸಾವಿರಾರು ಸಣ್ಣ ಎಳೆಗಳನ್ನು ಕೂಡಿಸಿದ ಹಗ್ಗದಂತೆ. ಅದರಲ್ಲಿ ಕೆಲವು ಎಳೆ ಹರಿದರೆ ನೋವು ಇರುತ್ತದೆ, ಆದರೆ ನಡೆಯಬಹುದು. ಹೆಚ್ಚು ಎಳೆ ಹರಿದರೆ ಒಳಗೆ ರಕ್ತ ಸೋರಿ ಬಾವು ಬರುತ್ತದೆ, ಎರಡು ಮೂರು ದಿನದಲ್ಲಿ ಚರ್ಮ ನೀಲಿಗಟ್ಟುತ್ತದೆ. ಹಗ್ಗವೇ ತುಂಡಾದರೆ ಕೈಯಿಂದ ಮುಟ್ಟಿದಾಗ ಅಲ್ಲಿ ತಗ್ಗು ಸಿಗುತ್ತದೆ.

ಯುರೋಪಿನ ವೃತ್ತಿಪರ ತಂಡಗಳ ಸುಮಾರು 2,300 ಆಟಗಾರರನ್ನು 2001ರಿಂದ 2009ರವರೆಗೆ ಗಮನಿಸಿ, ಅದರ ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದ್ದಾರೆ. ಅವರಿಗಾದ ಸ್ನಾಯು ಗಾಯಗಳಲ್ಲಿ ನೂರಕ್ಕೆ 92 ಗಾಯಗಳು ಕಾಲಿನ ನಾಲ್ಕು ಗುಂಪಿನ ಸ್ನಾಯುಗಳಲ್ಲೇ ಇದ್ದವು: ತೊಡೆಯ ಹಿಂಭಾಗ, ತೊಡೆಯ ಒಳಭಾಗ, ತೊಡೆಯ ಮುಂಭಾಗ ಮತ್ತು ಮೀನಖಂಡ. ತೊಡೆಯ ಹಿಂಭಾಗದ ಸ್ನಾಯುವಿನ ಪಾಲೇ ನೂರಕ್ಕೆ 37. ವೈದ್ಯರು ಇದನ್ನು ಹ್ಯಾಮ್‌ಸ್ಟ್ರಿಂಗ್ ಎನ್ನುತ್ತಾರೆ. ನೂರಕ್ಕೆ 16 ಗಾಯಗಳು ಅದೇ ಜಾಗದಲ್ಲಿ ಎರಡನೇ ಸಲ ಆದವು. ಎರಡನೇ ಸಲ ಆದವರು ಮೊದಲ ಸಲಕ್ಕಿಂತ ಹೆಚ್ಚು ದಿನ ಹೊರಗೆ ಕುಳಿತರು. ಅವರಿಗೆ ತಂಡದಲ್ಲೇ ಡಾಕ್ಟರು, ಫಿಸಿಯೋಥೆರಪಿಸ್ಟ್ ಎಲ್ಲ ಇರುತ್ತಾರೆ. ನಮ್ಮ ಹುಡುಗನಿಗೆ ಎಣ್ಣೆ ಸೀಸೆಯೊಂದೇ ಇತ್ತು.

ತೊಡೆಯ ಹಿಂಭಾಗವೇ ಯಾಕೆ? ಜೋರಾಗಿ ಓಡುವಾಗ ಕಾಲು ಮುಂದಕ್ಕೆ ಚಾಚುತ್ತದೆ. ಪಾದ ನೆಲ ಮುಟ್ಟುವ ಸ್ವಲ್ಪ ಮೊದಲು ಆ ಕಾಲನ್ನು ಹಿಂದಕ್ಕೆ ಹಿಡಿದು ನಿಲ್ಲಿಸಬೇಕಾದದ್ದು ಈ ಸ್ನಾಯು. ಇಳಿಜಾರಿನಲ್ಲಿ ಚಕ್ಕಡಿಯನ್ನು ಎತ್ತುಗಳು ಹಿಂದಕ್ಕೆ ಒತ್ತಿ ಹಿಡಿದ ಹಾಗೆ. ಆಗ ಸ್ನಾಯು ಉದ್ದಕ್ಕೆ ಎಳೆಸಿಕೊಳ್ಳುತ್ತಲೂ ಇರುತ್ತದೆ, ಬಲವನ್ನೂ ಹಾಕುತ್ತಿರುತ್ತದೆ. ಹರಿಯುವುದು ಬಹುತೇಕ ಆ ಕ್ಷಣದಲ್ಲಿ. ಆದ್ದರಿಂದಲೇ ಯಾರೂ ಮುಟ್ಟದೆ, ಯಾರೂ ಒದೆಯದೆ ಆಟಗಾರ ಓಡುತ್ತಾ ಓಡುತ್ತಾ ತೊಡೆ ಹಿಡಿದು ಕುಳಿತುಬಿಡುತ್ತಾನೆ. "ಹಿಂದಿನಿಂದ ಯಾರೋ ಕಲ್ಲು ಹೊಡೆದರು ಅನ್ನಿಸಿತು" ಎಂದು ಹಲವರು ಹೇಳುತ್ತಾರೆ.

ನೋವು ಹೋಯಿತು, ಆದರೆ ಗಾಯ ಹೋಗಿಲ್ಲ

ಹರಿದ ಜಾಗದಲ್ಲಿ ದೇಹ ಮೊದಲು ತೇಪೆ ಹಾಕುತ್ತದೆ. ತೇಪೆ ಬಿದ್ದ ವಾರದಲ್ಲೇ ನಡೆಯಲು ತೊಂದರೆ ಇರುವುದಿಲ್ಲ, ಮೆಟ್ಟಿಲು ಹತ್ತಬಹುದು, ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡಬಹುದು. ಆದರೆ ನಡೆಯಲು ಬೇಕಾದ ಬಲ ಬೇರೆ, ಚೆಂಡಿನ ಹಿಂದೆ ಪೂರ್ತಿ ವೇಗದಲ್ಲಿ ಓಡಲು ಬೇಕಾದ ಬಲ ಬೇರೆ. ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ. ಈ ಎರಡರ ನಡುವಿನ ದಿನಗಳಲ್ಲಿಯೇ ನಮ್ಮ ಹುಡುಗರು ಮತ್ತೆ ಆಡಲು ಹೋಗುತ್ತಾರೆ.

ಎಷ್ಟು ದಿನ ಬೇಕು ಎಂದು ಎಲ್ಲರೂ ಕೇಳುತ್ತಾರೆ. ಸಣ್ಣ ಗಾಯಕ್ಕೆ ಒಂದರಿಂದ ಮೂರು ವಾರ. ಮಧ್ಯಮ ಗಾಯಕ್ಕೆ ಒಂದರಿಂದ ಎರಡು ತಿಂಗಳು. ಪೂರ್ತಿ ಹರಿದಿದ್ದರೆ ಮೂರು ತಿಂಗಳು ಅಥವಾ ಹೆಚ್ಚು, ಕೆಲವರಿಗೆ ಶಸ್ತ್ರಚಿಕಿತ್ಸೆ. ಡೆನ್ಮಾರ್ಕ್‌ನಲ್ಲಿ ತೊಡೆ ಅಥವಾ ಮೀನಖಂಡ ಹರಿದ 50 ಮಂದಿ ಹವ್ಯಾಸಿ ಆಟಗಾರರ ಮೇಲೆ ನಡೆದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ಗಾಯವಾದ ಎರಡನೇ ದಿನದಿಂದಲೇ ಹಗುರ ವ್ಯಾಯಾಮ ಶುರು ಮಾಡಿಸಿದರು, ಉಳಿದವರಿಗೆ ಒಂಬತ್ತನೇ ದಿನದಿಂದ. ಬೇಗ ಶುರು ಮಾಡಿದವರು ಸುಮಾರು 62 ದಿನಕ್ಕೆ ನೋವಿಲ್ಲದೆ ಆಟಕ್ಕೆ ಮರಳಿದರು, ತಡ ಮಾಡಿದವರಿಗೆ 83 ದಿನ ಹಿಡಿಯಿತು. ಇದರಲ್ಲಿ ನಮಗೆ ಎರಡು ಪಾಠ ಇವೆ. ಹಾಸಿಗೆ ಹಿಡಿದು ಮಲಗುವುದು ಒಳ್ಳೆಯದಲ್ಲ. ಹಾಗೆಯೇ ಬೇಗ ಎಂದರೂ ಅದು ಎರಡು ತಿಂಗಳು, ಎರಡು ವಾರ ಅಲ್ಲ.

ನಮ್ಮ ಕರ್ನಾಟಕದ ಕ್ರಿಕೆಟ್ ಆಟಗಾರ ಕೆ.ಎಲ್. ರಾಹುಲ್ ಅವರ ಉದಾಹರಣೆ ಎಲ್ಲರಿಗೂ ಗೊತ್ತು. 2023ರ ಮೇ 1ರಂದು ಲಖನೌದಲ್ಲಿ ಬೌಂಡರಿ ಕಡೆ ಹೊರಟ ಚೆಂಡನ್ನು ಬೆನ್ನಟ್ಟಿ ಓಡುವಾಗ ಅವರ ಬಲತೊಡೆಗೆ ಗಾಯವಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಜೂನ್‌ನ ವಿಶ್ವ ಟೆಸ್ಟ್ ಫೈನಲ್ ಕೈಬಿಟ್ಟರು. ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್‌ಗೆ ಮರಳಿ ಪಾಕಿಸ್ತಾನದ ವಿರುದ್ಧ ಶತಕ ಹೊಡೆದರು. ದೇಶದ ಫೈನಲ್ ಬಿಟ್ಟು ನಾಲ್ಕು ತಿಂಗಳು ಕಾದರು ಎಂದು ನಾನು ಆ ಹುಡುಗನಿಗೆ ಹೇಳಿದಾಗ ಅವನು ನಕ್ಕ. "ಅವರಿಗೆ ಪಗಾರ ಬರ್ತದರೀ" ಎಂದ. ಮಾತು ನಿಜವೇ. ಅಂಗಡಿಗೆ ರಜೆ ಹಾಕಿದರೆ ಇವನ ಸಂಬಳ ಕಡಿತವಾಗುತ್ತದೆ. ಆದರೆ ಎರಡನೇ ಸಲ ಹರಿದಾಗ ಕಡಿತವಾಗುವ ಸಂಬಳ ಇನ್ನೂ ಹೆಚ್ಚು ಎಂದು ಅವನ ಅಣ್ಣನಿಗೆ ಲೆಕ್ಕ ಮಾಡಿ ತೋರಿಸಬೇಕಾಯಿತು.

ಇತರ ಕಾರಣಗಳು

ನಮ್ಮ ಊರಿನಲ್ಲಿ ಈಗ ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಟ್ಟು ಆಡುವ ಟರ್ಫ್ ಮೈದಾನಗಳು ಬಂದಿವೆ. ರಾತ್ರಿ ದೀಪ ಹಾಕಿಕೊಂಡು ಆಡುತ್ತಾರೆ. ದುಡ್ಡು ಕೊಟ್ಟ ಗಂಟೆ ಶುರುವಾದ ಕೂಡಲೇ ಆಟವೂ ಶುರುವಾಗಬೇಕು. ಗೋಕುಲ ರಸ್ತೆಯ ಕಾರ್ಖಾನೆಯಲ್ಲೋ ದುರ್ಗದಬೈಲಿನ ಅಂಗಡಿಯಲ್ಲೋ ಎಂಟು ಹತ್ತು ಗಂಟೆ ದುಡಿದು, ಬೈಕ್ ಮೇಲೆ ಬಂದು, ಶೂ ಕಟ್ಟಿಕೊಂಡು ನೇರವಾಗಿ ಓಡಿದರೆ ಸ್ನಾಯು ಅದಕ್ಕೆ ತಯಾರಿರುವುದಿಲ್ಲ. ಗಂಟೆಯಲ್ಲಿ ಹತ್ತು ಹದಿನೈದು ನಿಮಿಷ ಮೈ ಬಿಸಿ ಮಾಡಲು ಕೊಟ್ಟರೆ ದುಡ್ಡು ದಂಡವಾಯಿತು ಎಂದುಕೊಳ್ಳಬಾರದು. ಅಥವಾ ಗಂಟೆ ಶುರುವಾಗುವ ಮೊದಲೇ ಬಂದು ಹೊರಗಡೆ ಮಾಡಿಕೊಳ್ಳಿರಿ.

ದಣಿವು ಇನ್ನೊಂದು ಕಾರಣ. ತೊಡೆಯ ಹಿಂಭಾಗದ ಗಾಯಗಳು ಪ್ರತಿ ಅರ್ಧದ ಕೊನೆಯ ಹೊತ್ತಿನಲ್ಲಿ ಹೆಚ್ಚು. ನಮ್ಮ ಕಡೆಯ ನಾಕೌಟ್ ಪಂದ್ಯಾವಳಿಗಳಲ್ಲಿ ಒಂದೇ ದಿನ ಎರಡು ಮೂರು ಪಂದ್ಯ ಆಡಿಸುತ್ತಾರೆ, ಬದಲಿ ಆಟಗಾರರು ಕಡಿಮೆ. ಕೊನೆಯ ಪಂದ್ಯದಲ್ಲಿ ಹೆಚ್ಚು ಹುಡುಗರು ಬೀಳುವುದು ಇದಕ್ಕೇ. ವಾರವಿಡೀ ಏನೂ ಆಡದೆ ಒಂದೇ ದಿನ ನಾಲ್ಕು ಗಂಟೆ ಆಡುವುದೂ ಹೀಗೆಯೇ. ರಾತ್ರಿ ಪಾಳಿ ಮುಗಿಸಿ ನಿದ್ದೆ ಇಲ್ಲದೆ ಬಂದವರು, ಉಪವಾಸದ ದಿನ ನೀರೂ ಕುಡಿಯದೆ ಆಡುವವರು ವಿಶೇಷ ಎಚ್ಚರಿಕೆ ವಹಿಸಬೇಕು.

ವಯಸ್ಸು ಮೂವತ್ತು ದಾಟಿದ ಮೇಲೆ ಗಾಯದ ಸಂಭವ ಹೆಚ್ಚುತ್ತದೆ. ಮೀನಖಂಡ ಹರಿಯುವುದು ಈ ವಯಸ್ಸಿನವರಲ್ಲಿ ಹೆಚ್ಚು. ಮದುವೆಯಾಗಿ, ಹೊಟ್ಟೆ ಬಂದು, ಹತ್ತು ವರ್ಷದ ನಂತರ ಹಳೆಯ ಗೆಳೆಯರ ಪಂದ್ಯಕ್ಕೆ ಬಂದವರು ಮನಸ್ಸಿನಲ್ಲಿ ಇಪ್ಪತ್ತರ ವೇಗದಲ್ಲೇ ಓಡುತ್ತಾರೆ. ಅವರು ಮೊದಲ ಒಂದು ತಿಂಗಳು ಅರ್ಧ ವೇಗದಲ್ಲಿ ಆಡಲಿ.

ಇನ್ನು ನೆಲ. ಹುಬ್ಬಳ್ಳಿ ಧಾರವಾಡದ ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತಾಗಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಅಂಟಿಕೊಂಡು ಜಾರುತ್ತದೆ. ಬಿರುಕಿನಲ್ಲಿ ಕಾಲು ಸಿಕ್ಕಿದರೆ ಹೆಚ್ಚಾಗಿ ಉಳುಕುವುದು ಹರಡು ಮತ್ತು ಮೊಣಕಾಲು. ಜಾರಿ ಕಾಲು ಅಗಲವಾದರೆ ತೊಡೆಯ ಒಳಭಾಗದ ಸ್ನಾಯು ಎಳೆಯುತ್ತದೆ. ಕೆಲವರು ಎಲ್ಲ ತಪ್ಪನ್ನೂ ಮೈದಾನದ ಮೇಲೆ ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸ್ನಾಯು ಹರಿಯುವುದರಲ್ಲಿ ಮೈದಾನದ ಪಾಲು ಕಡಿಮೆ, ನಮ್ಮ ಅವಸರದ ಪಾಲು ಹೆಚ್ಚು.

ನೋವಿನ ಗುಳಿಗೆ ನುಂಗಿ, ಸ್ಪ್ರೇ ಹೊಡೆದುಕೊಂಡು ಆಡುವ ಅಭ್ಯಾಸವನ್ನು ಬಿಡಲೇಬೇಕು. ನೋವು ಎಂದರೆ ಸ್ನಾಯು ಕೊಡುತ್ತಿರುವ ಎಚ್ಚರಿಕೆ. ಗುಳಿಗೆ ಎಚ್ಚರಿಕೆಯನ್ನು ಮುಚ್ಚುತ್ತದೆ, ಗಾಯವನ್ನು ಮಾಯಿಸುವುದಿಲ್ಲ. ಇನ್ನೊಂದು ಮಾತು: ಭೇದಿಗೆ, ಜ್ವರಕ್ಕೆ ಎಂದು ಔಷಧ ಅಂಗಡಿಯಿಂದ ತಾವೇ ತಂದು ನುಂಗುವ ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಗುಳಿಗೆಗಳು ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ದುರ್ಬಲ ಮಾಡಬಹುದು. ವೈದ್ಯರು ಬರೆದುಕೊಟ್ಟಿದ್ದರೆ ನಿಲ್ಲಿಸಬೇಡಿ, ಆಡುತ್ತೇನೆ ಎಂದು ಅವರಿಗೆ ತಿಳಿಸಿ.

ಗಾಯವಾದ ದಿನ ಏನು ಮಾಡಬೇಕು?

ಕೂಡಲೇ ಆಟ ನಿಲ್ಲಿಸಬೇಕು. "ಓಡಿದರೆ ಸಡಿಲಾಗುತ್ತದೆ" ಎಂಬ ಮಾತು ಕೇಳಬಾರದು. ಬರ್ಫದ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಹತ್ತರಿಂದ ಹದಿನೈದು ನಿಮಿಷ ಇಡಿ, ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಿ. ಬರ್ಫವನ್ನು ನೇರವಾಗಿ ಚರ್ಮಕ್ಕೆ ಇಡಬಾರದು. ಕ್ರೇಪ್ ಬ್ಯಾಂಡೇಜನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಬಿಚ್ಚಿ ಸಡಿಲವಾಗಿ ಸುತ್ತಿ. ಮಲಗಿದಾಗ ಕಾಲ ಕೆಳಗೆ ಎರಡು ದಿಂಬು ಇರಲಿ.

ಈಗ ಎಣ್ಣೆಯ ಮಾತು. ಮನೆಯ ಹಿರಿಯರು ಪ್ರೀತಿಯಿಂದಲೇ ಹಚ್ಚುತ್ತಾರೆ, ಉಳುಕು ತೆಗೆಯುವವರೂ ಒಳ್ಳೆಯ ಮನಸ್ಸಿನಿಂದಲೇ ತಿಕ್ಕುತ್ತಾರೆ. ಆದರೆ ಮೊದಲ ಮೂರು ದಿನ ಒಳಗೆ ರಕ್ತ ಸೋರುತ್ತಿರಬಹುದು. ಆಗ ಒತ್ತಿ ತಿಕ್ಕಿದರೆ, ಬಿಸಿ ಶಾಖ ಕೊಟ್ಟರೆ ಸೋರಿಕೆ ಹೆಚ್ಚುತ್ತದೆ. ತೊಡೆಗೆ ಮೊಣಕಾಲಿನ ಜೋರು ಪೆಟ್ಟು ಬಿದ್ದು ರಕ್ತ ಗಡ್ಡೆಗಟ್ಟಿದವರಲ್ಲಿ, ಅದನ್ನು ತಿಕ್ಕಿದರೆ ಕೆಲವೊಮ್ಮೆ ಸ್ನಾಯುವಿನ ಒಳಗೆ ಎಲುಬಿನಂತಹ ಗಟ್ಟಿ ಗಂಟು ಬೆಳೆಯುತ್ತದೆ. ಆಮೇಲೆ ಮೊಣಕಾಲು ಮಡಚಲು ತಿಂಗಳುಗಟ್ಟಲೆ ಕಷ್ಟ. ಅಜ್ಜಿ ಬೇಸರ ಮಾಡಿಕೊಂಡರೆ "ಸಿಸ್ಟರ್ ಹೇಳ್ಯಾರ" ಎಂದು ನನ್ನ ಮೇಲೆ ಹಾಕಿರಿ, ಪರವಾಗಿಲ್ಲ.

ಎರಡು ಮೂರು ದಿನದ ನಂತರ ನೋವು ತಡೆಯುವಷ್ಟು ಮಾತ್ರ ಕಾಲು ಮಡಚುವುದು, ಚಾಚುವುದು, ನಡೆಯುವುದು ಶುರು ಮಾಡಬೇಕು. ನಮ್ಮ ಫಿಸಿಯೋಥೆರಪಿ ವಿಭಾಗದಲ್ಲಿ ಯಾವ ದಿನ ಯಾವ ವ್ಯಾಯಾಮ ಎಂದು ಬರೆದುಕೊಡುತ್ತಾರೆ.

ಈ ಲಕ್ಷಣಗಳಿದ್ದರೆ ಮರುದಿನಕ್ಕೆ ಕಾಯದೆ ಬನ್ನಿ: "ಟಪ್" ಎಂದು ಸದ್ದು ಕೇಳಿದ್ದು, ನಾಲ್ಕು ಹೆಜ್ಜೆಯನ್ನೂ ಇಡಲಾಗದ್ದು, ಮುಟ್ಟಿದರೆ ತಗ್ಗು ಸಿಗುವುದು, ಕಾಲು ಕಲ್ಲಿನಂತೆ ಬಿಗಿದು ಗುಳಿಗೆಗೂ ಜಗ್ಗದ ನೋವು, ಪಾದ ಜೋಮು ಹಿಡಿಯುವುದು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು. ಪೆಟ್ಟೇ ಬೀಳದೆ ಒಂದೇ ಮೀನಖಂಡ ಬಾತು ಬಿಸಿಯಾಗಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದೂ ಇರಬಹುದು. ಹದಿಮೂರರಿಂದ ಹದಿನೆಂಟು ವರ್ಷದ ಮಕ್ಕಳಲ್ಲಿ ಸ್ನಾಯು ಹರಿಯುವ ಬದಲು ಕೆಲವೊಮ್ಮೆ ಅದು ಅಂಟಿಕೊಂಡ ಎಲುಬಿನ ತುಣುಕೇ ಕಿತ್ತು ಬರಬಹುದು. ಓಡುವಾಗ ಕುಂಡೆಯ ಕೆಳಗೆ ಅಥವಾ ಸೊಂಟದ ಮುಂದೆ ಒಮ್ಮೆಲೇ ನೋವು ಬಂದ ಮಕ್ಕಳಿಗೆ ಎಕ್ಸ್‌ರೇ ಬೇಕು.

ತಡೆಯುವ ವ್ಯಾಯಾಮ

ಇದಕ್ಕೆ ಜಿಮ್ ಬೇಡ, ಯಂತ್ರ ಬೇಡ. ಒಂದು ಜಮಖಾನೆ ಮತ್ತು ಒಬ್ಬ ಗೆಳೆಯ ಸಾಕು. ಜಮಖಾನೆಯನ್ನು ಮಡಚಿ ಅದರ ಮೇಲೆ ಮೊಣಕಾಲೂರಿ ನೆಟ್ಟಗೆ ನಿಲ್ಲಿ. ಗೆಳೆಯ ಹಿಂದೆ ಕುಳಿತು ಎರಡೂ ಹರಡುಗಳನ್ನು ನೆಲಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯಲಿ. ಈಗ ಸೊಂಟ ಬಗ್ಗಿಸದೆ, ಮೊಣಕಾಲಿನಿಂದ ತಲೆಯವರೆಗೆ ಹಲಗೆಯಂತೆ ಇಟ್ಟುಕೊಂಡು, ಸಾಧ್ಯವಾದಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ. ತಡೆಯಲಾಗದೆ ಹೋದಾಗ ಕೈ ಊರಿ ನೆಲದ ಮೇಲೆ ಇಳಿಯಿರಿ, ಕೈಯಿಂದಲೇ ಒತ್ತಿ ಮೇಲೆ ಬನ್ನಿ. ಬಾಗುವಾಗ ತಡೆಯುವ ಕೆಲಸವೇ ಮುಖ್ಯ. ಓಡುವಾಗ ಸ್ನಾಯು ಮಾಡುವುದೂ ಅದೇ ಕೆಲಸ. ಇದಕ್ಕೆ ನಾರ್ಡಿಕ್ ವ್ಯಾಯಾಮ ಎನ್ನುತ್ತಾರೆ.

ಮೊದಲ ವಾರ ಐದೈದು ಸಲದಂತೆ ಎರಡು ಸುತ್ತು, ವಾರಕ್ಕೆ ಒಂದೇ ದಿನ. ಆಮೇಲೆ ವಾರಕ್ಕೆ ಎರಡು ದಿನ. ಎರಡು ಮೂರು ತಿಂಗಳಲ್ಲಿ ನಿಧಾನವಾಗಿ ಹತ್ತು ಸಲದಂತೆ ಮೂರು ಸುತ್ತಿಗೆ ಏರಿಸಿ. ಮೊದಲ ದಿನಗಳಲ್ಲಿ ತೊಡೆ ಎರಡು ಮೂರು ದಿನ ನೋಯುತ್ತದೆ, ಗರಡಿ ಮನೆಯಲ್ಲಿ ಮೊದಲ ಬೈಠಕ್ ಹೊಡೆದವರಿಗೆ ಈ ನೋವು ಗೊತ್ತು. ಪಂದ್ಯದ ಮುಂಚೆ ಇದನ್ನು ಮಾಡಬಾರದು. ಈಗ ಗಾಯವಿರುವವರು ಫಿಸಿಯೋಥೆರಪಿಸ್ಟರನ್ನು ಕೇಳದೆ ಶುರು ಮಾಡಬಾರದು.

ಫಲ ಎಷ್ಟು? ಡೆನ್ಮಾರ್ಕ್‌ನ 50 ತಂಡಗಳ 942 ಆಟಗಾರರ ಅಧ್ಯಯನ 2011ರಲ್ಲಿ ಬಂದಿತು. ಈ ವ್ಯಾಯಾಮ ಮಾಡಿದ ಗುಂಪಿನಲ್ಲಿ 15 ತೊಡೆ ಗಾಯಗಳು, ಮಾಡದ ಗುಂಪಿನಲ್ಲಿ 52. ಹಿಂದೆ ಗಾಯವಾಗಿದ್ದವರಿಗೆ ಲಾಭ ಇನ್ನೂ ಹೆಚ್ಚು: ಮತ್ತೆ ಹರಿದದ್ದು ಒಂದು ಕಡೆ 3, ಇನ್ನೊಂದು ಕಡೆ 20. ನೆದರ್ಲೆಂಡ್ಸ್‌ನ 579 ಹವ್ಯಾಸಿ ಆಟಗಾರರಲ್ಲಿ ಹದಿಮೂರು ವಾರ ಇದನ್ನೇ ಮಾಡಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಲ್ಲಿಯೂ ವ್ಯಾಯಾಮ ಮಾಡಿದ ಗುಂಪಿನಲ್ಲಿ ಗಾಯ ಅರ್ಧಕ್ಕಿಂತ ಕಡಿಮೆಯಾಯಿತು. ನಮ್ಮ ಹುಡುಗರಂತೆ ಅವರೂ ಕೆಲಸ ಮುಗಿಸಿ ಆಡಲು ಬರುವವರೇ.

ಆಟದ ಮುಂಚಿನ ತಯಾರಿಗೆ ಫಿಫಾ ಸಂಸ್ಥೆ 11 ಪ್ಲಸ್ ಎಂಬ ಇಪ್ಪತ್ತು ನಿಮಿಷದ ಕ್ರಮ ಕೊಟ್ಟಿದೆ. ನಿಧಾನ ಓಟ, ನಂತರ ಬಲ ಮತ್ತು ಸಮತೋಲನದ ವ್ಯಾಯಾಮ, ಕೊನೆಗೆ ವೇಗದ ಓಟ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರಲ್ಲಿ ಇದರಿಂದ ಒಟ್ಟು ಗಾಯಗಳು ಸುಮಾರು ಮೂರರಲ್ಲಿ ಒಂದು ಭಾಗ ಕಡಿಮೆಯಾದವು ಎಂದು 2008ರ ಅಧ್ಯಯನ ಹೇಳುತ್ತದೆ. ಫುಟ್‌ಬಾಲ್ ಆಡುವ ನಮ್ಮ ಹೆಣ್ಣುಮಕ್ಕಳಿಗೂ ಇದನ್ನು ಕಲಿಸಬೇಕು. ನಿಂತಲ್ಲೇ ಕಾಲು ಚಾಚಿ ಎಳೆದುಕೊಂಡರೆ ಅಷ್ಟೇ ಸಾಲದು.

ಮತ್ತೆ ಆಡುವುದು ಯಾವಾಗ?

ದಿನ ಎಣಿಸುವುದಕ್ಕಿಂತ ಕಾಲನ್ನು ಪರೀಕ್ಷಿಸಿ. ಗಾಯದ ಜಾಗ ಒತ್ತಿದರೆ ನೋಯಬಾರದು. ಮಲಗಿ ಕಾಲು ನೇರವಾಗಿ ಎತ್ತಿದರೆ ಎರಡೂ ಕಾಲು ಸಮ ಎತ್ತರಕ್ಕೆ ಬರಬೇಕು. ಒಂಟಿ ಕಾಲಿನಲ್ಲಿ ಕುಪ್ಪಳಿಸಿದರೆ ಎರಡೂ ಕಡೆ ಒಂದೇ ತರಹ ಇರಬೇಕು. ಆಮೇಲೆ ನಿಧಾನ ಓಟ, ಅರ್ಧ ವೇಗ, ಮುಕ್ಕಾಲು ವೇಗ, ಪೂರ್ತಿ ವೇಗ, ಒಮ್ಮೆಲೇ ತಿರುಗುವುದು, ಜೋರಾಗಿ ಒದೆಯುವುದು. ಒಂದು ಮೆಟ್ಟಿಲು ಮುಗಿಸಿದ ಮರುದಿನ ನೋವಿಲ್ಲದಿದ್ದರೆ ಮಾತ್ರ ಮುಂದಿನದು. ಪೂರ್ತಿ ವೇಗದಲ್ಲಿ ಎರಡು ಮೂರು ದಿನ ತಂಡದ ಜೊತೆ ಅಭ್ಯಾಸ ಮಾಡಿದ ನಂತರವೇ ಪಂದ್ಯ. ಓಡುವಾಗ "ಅಲ್ಲಿ ಏನಾದರೂ ಆದೀತೇ" ಎಂಬ ಭಯ ಇದ್ದರೆ ಇನ್ನೂ ಕಾಯಬೇಕು.

ಮನೆಯವರಿಗೆ ಒಂದು ವಿನಂತಿ. "ಆಟನ ಬಿಟ್ಟಬಿಡು" ಎಂದು ಬೈಯಬೇಡಿ. ಬೈದರೆ ಅವರು ಮುಂದಿನ ಸಲ ನೋವು ಮುಚ್ಚಿಟ್ಟು ಆಡುತ್ತಾರೆ, ನಮ್ಮ ಹತ್ತಿರವೂ ಹೇಳುವುದಿಲ್ಲ. ಬದಲಿಗೆ ಮೇಲಿನ ಮೆಟ್ಟಿಲುಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಮುಗಿದದ್ದಕ್ಕೆ ಗುರುತು ಹಾಕುತ್ತಾ ಹೋಗಿ. ಬಟ್ಟೆ ಅಂಗಡಿಯ ಹುಡುಗನ ಅಣ್ಣ ಹಾಗೇ ಮಾಡಿದ. ಹುಡುಗ ಫೈನಲ್ ಆಡಲಿಲ್ಲ. ಹನ್ನೊಂದನೇ ವಾರ ಫಿಸಿಯೋಥೆರಪಿ ವಿಭಾಗಕ್ಕೆ ಬಂದಾಗ ಹಾಳೆಯ ಮೇಲೆ ಕೊನೆಯ ಒಂದೇ ಗುರುತು ಬಾಕಿ ಇತ್ತು.

ತೋರಿಸಲು ಬರುವಾಗ ಹಳೆಯ ಚೀಟಿ, ಸ್ಕ್ಯಾನ್, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಪಟ್ಟಿ ಮತ್ತು ಆಡುವಾಗ ಹಾಕುವ ಶೂ ತನ್ನಿರಿ. ತೊಡೆ ನೋಡಲು ಅನುಕೂಲವಾಗುವಂತೆ ಸಡಿಲ ಚಡ್ಡಿ ಹಾಕಿಕೊಂಡು ಬನ್ನಿರಿ. ಹಿಂದೆ ಎಷ್ಟು ಸಲ, ಯಾವ ಕಾಲಿಗೆ, ಯಾವ ತಿಂಗಳಲ್ಲಿ ಹೀಗಾಗಿತ್ತು ಎಂದು ಮನೆಯಲ್ಲೇ ನೆನಪು ಮಾಡಿ ಬರೆದುಕೊಂಡು ಬಂದರೆ ವೈದ್ಯರಿಗೆ ಬಹಳ ಸಹಾಯವಾಗುತ್ತದೆ.